ಗಡಿ ದಾಟಿ ಬಂದ ಮೇಷ್ಟ್ರಿಗೆ, ಟೀಚರಮ್ಮನಿಗೆ: ಬಳ್ಳಾರಿ ಸೀಮೆಯಲ್ಲಿ ಪಾಠ ಮಾಡಲು ಯಾವ ಕಾಗದ, ಯಾವ ಕ್ರಮ

ಏಪ್ರಿಲ್ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಆಫೀಸಿಗೆ ಪ್ಲಾಸ್ಟಿಕ್ ಫೈಲು ಹಿಡಿದವರು ಬರತೊಡಗುತ್ತಾರೆ. ಆದೋನಿಯಿಂದ, ಗುಂತಕಲ್ಲಿನಿಂದ, ರಾಯದುರ್ಗದಿಂದ. ರಾಯಚೂರಿನ ಕಡೆಯಾದರೆ ಗದ್ವಾಲದಿಂದ, ಮಖ್ತಲದಿಂದ. ಕೆಲವರು ಮದುವೆಯಾಗಿ ಬಂದವರು, ಕೆಲವರ ಯಜಮಾನರಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದಲ್ಲೋ ಕೆಲಸ. ಕುರ್ಚಿಯಲ್ಲಿ ಕೂತ ಮೇಲೆ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ನಮ್ಮ ಟೀಚರ್ ಲೈಸೆನ್ಸು ಇಲ್ಲಿಗೆ ಟ್ರಾನ್ಸ್‌ಫರ್ ಮಾಡಿಸೋದು ಎಲ್ಲಿ?"

ಅಂಥ ಲೈಸೆನ್ಸೇ ಇಲ್ಲ. ಆಂಧ್ರದ ನಂಬರಿನ ಸ್ಕೂಟರನ್ನು ಇಲ್ಲೇ ಇಟ್ಟುಕೊಳ್ಳಬೇಕಾದರೆ ಆರ್‌ಟಿಒ ಹತ್ತಿರ ಎನ್‌ಒಸಿ ತಂದು ಮರುನೋಂದಣಿ ಮಾಡಿಸಬೇಕು. ಮೇಷ್ಟ್ರಿಗೆ ಆ ಕಾಟವಿಲ್ಲ. ನಮ್ಮ ದೇಶದಲ್ಲಿ ಶಿಕ್ಷಕರ ಕನಿಷ್ಠ ಅರ್ಹತೆಯನ್ನು ನಿಗದಿ ಮಾಡುವುದು ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ. ಅದು ಕರ್ನೂಲಿಗೂ ಕೊಪ್ಪಳಕ್ಕೂ ಒಂದೇ. ಆದರೆ ಲೈಸೆನ್ಸ್ ಇಲ್ಲ ಎಂದಾಕ್ಷಣ ದಾರಿ ಸಲೀಸು ಎಂದುಕೊಳ್ಳಬೇಡಿ. ಒಂದು ದೊಡ್ಡ ಬಾಗಿಲಿನ ಬದಲು ನಾಲ್ಕೈದು ಸಣ್ಣ ಬಾಗಿಲುಗಳಿವೆ, ಒಂದೊಂದಕ್ಕೂ ಬೇರೆ ಬೇರೆ ಕೀಲಿ. ಬಹಳ ಜನ ಎಡವುವುದು ಅರ್ಹತೆ ಇಲ್ಲದೆ ಅಲ್ಲ, ಕೆಲಸಗಳನ್ನು ಹಿಂದುಮುಂದಾಗಿ ಮಾಡಿ.

1. ಮೊದಲು ಯಾವ ಶಾಲೆ ಎಂದು ತೀರ್ಮಾನಿಸಿ

"ಯಾವುದಾದ್ರೂ ಆಗ್ಲಿ ಸರ್" ಅನ್ನುವವರಿಗೆ ಸಹಾಯ ಮಾಡುವುದೇ ಕಷ್ಟ, ಯಾಕೆಂದರೆ ಬೇಕಾದ ಕಾಗದ ಶಾಲೆಯ ಮೇಲೆ ನಿಂತಿದೆ.

ರಾಜ್ಯ ಸರ್ಕಾರದ ಶಾಲೆಯ ಕಾಯಂ ಹುದ್ದೆ ಬೇಕಾದರೆ ನೇಮಕಾತಿ ಅಧಿಸೂಚನೆ, ಸ್ಪರ್ಧಾತ್ಮಕ ಪರೀಕ್ಷೆ, ಮೀಸಲಾತಿ, 371ಜೆ (ಈ ಭಾಗದ ಸ್ಥಳೀಯರಿಗೆ ಹುದ್ದೆ ಮೀಸಲಿಡುವ ಸಂವಿಧಾನದ ವಿಧಿ) ಎಲ್ಲವನ್ನೂ ದಾಟಬೇಕು. ಅನುದಾನಿತ ಶಾಲೆಯಲ್ಲಿ ಆಡಳಿತ ಮಂಡಳಿ ಆಯ್ಕೆ ಮಾಡಿದರೂ ಇಲಾಖೆಯ ಅನುಮೋದನೆ ಸಿಗುವ ತನಕ ಸಂಬಳ ಹುಟ್ಟುವುದಿಲ್ಲ. ಅನುದಾನರಹಿತ ಖಾಸಗಿ ಶಾಲೆ ಎಲ್ಲಕ್ಕಿಂತ ಬೇಗ ತೆರೆಯುವ ಬಾಗಿಲು. ಕೇಂದ್ರೀಯ ವಿದ್ಯಾಲಯ, ಜವಾಹರ್ ನವೋದಯ ವಿದ್ಯಾಲಯಗಳಿಗೆ ನೇಮಕಾತಿ ಇಡೀ ದೇಶಕ್ಕೆ ಒಂದೇ, ಅಲ್ಲಿ ನೀವು ಯಾವ ರಾಜ್ಯದವರು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಭಾಗದ ನವೋದಯಗಳು ಮುದಗಲ್ಲು, ಕುಕನೂರಿನಂಥ ಊರುಗಳಲ್ಲಿವೆ, ಅಲ್ಲಿಯ ಸಿಬ್ಬಂದಿಯನ್ನು ಮಾತಾಡಿಸಿ ನೋಡಿ, ಯಾವ್ಯಾವ ರಾಜ್ಯದವರು ಇದ್ದಾರೆಂದು ತಿಳಿಯುತ್ತದೆ. ಐದನೆಯದು ಅತಿಥಿ ಶಿಕ್ಷಕರ ದಾರಿ. ಅದಕ್ಕೆ ಕೊನೆಯ ಹೊತ್ತಿಗೆ ಬರುತ್ತೇನೆ.

2. ನಿಮ್ಮ ಓದು ಯಾವ ತರಗತಿಗೆ ಹೊಂದುತ್ತದೆ ನೋಡಿಕೊಳ್ಳಿ

ಎನ್‌ಸಿಟಿಇ 2010ರ ಆಗಸ್ಟ್ 23ರಂದು ಹೊರಡಿಸಿದ ಅಧಿಸೂಚನೆಯೇ ಇವತ್ತಿಗೂ ಬುನಾದಿ. ಆಮೇಲೆ ತಿದ್ದುಪಡಿಗಳಾಗಿವೆ. ತಿರುಳು ಇಷ್ಟು: 1ರಿಂದ 5ನೇ ತರಗತಿಗೆ ಪಿಯುಸಿಯಲ್ಲಿ ಶೇ. 50 ಅಂಕ, ಎರಡು ವರ್ಷದ ಡಿ.ಎಲ್.ಇಡಿ. (ನಮ್ಮ ಹಳೆಯ ಬಾಯಲ್ಲಿ ಟಿಸಿಎಚ್, ಡಿ.ಇಡಿ.) ಮತ್ತು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪತ್ರಿಕೆ 1. 6ರಿಂದ 8ಕ್ಕೆ ಪದವಿ, ಜೊತೆಗೆ ಬಿ.ಇಡಿ. ಅಥವಾ ಡಿ.ಎಲ್.ಇಡಿ., ಮತ್ತು ಟಿಇಟಿ ಪತ್ರಿಕೆ 2. 9, 10ಕ್ಕೆ ಪದವಿ ಮತ್ತು ಬಿ.ಇಡಿ. ಪಿಯು ಕಾಲೇಜಿಗೆ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ. ಆಂಧ್ರ, ತೆಲಂಗಾಣದ 'ಇಂಟರ್' ನಮ್ಮ ಪಿಯುಸಿಗೆ ಸಮ, ಆ ಬಗ್ಗೆ ಚಿಂತೆ ಬೇಡ.

ಚಿಂತೆ ಮಾಡಬೇಕಾದ್ದು ಎರಡು ಕಡೆ.

ಒಂದು, ಬಿ.ಇಡಿ. ಮಾಡಿಕೊಂಡು ಸಣ್ಣ ಮಕ್ಕಳಿಗೆ ಪಾಠ ಮಾಡುತ್ತಿದ್ದವರು. 2018ರಲ್ಲಿ ಎನ್‌ಸಿಟಿಇ ಬಿ.ಇಡಿ. ಆದವರಿಗೂ 1ರಿಂದ 5ನೇ ತರಗತಿಯ ಬಾಗಿಲು ತೆರೆದಿತ್ತು, ಆರು ತಿಂಗಳ ಬ್ರಿಡ್ಜ್ ಕೋರ್ಸಿನ ಷರತ್ತಿನ ಮೇಲೆ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ಅದಕ್ಕೆ ಮುಂಚೆ ನೇಮಕವಾದವರಿಗೆ ರಕ್ಷಣೆ ಇದೆ, ಆದರೆ ನೀವು ಆ ಕೆಲಸ ಬಿಟ್ಟು ಬಳ್ಳಾರಿಗೆ ಬಂದು ಹೊಸದಾಗಿ ಸೇರುವವರು. ಹಳೆಯ ಊರಿನ ರಕ್ಷಣೆ ಹೊಸ ನೇಮಕಕ್ಕೆ ಬರುತ್ತದೆಂದು ನಂಬಿಕೊಂಡು ಕೂರಬೇಡಿ. ಬಿ.ಇಡಿ. ಇದ್ದರೆ 6ರಿಂದ ಮೇಲಿನ ತರಗತಿಗೇ ಅರ್ಜಿ ಹಾಕಿ.

ಎರಡು, ಮುಕ್ತ ಶಾಲಾ ಸಂಸ್ಥೆ ಎನ್‌ಐಒಎಸ್ ನಡೆಸಿದ 18 ತಿಂಗಳ ಡಿ.ಎಲ್.ಇಡಿ. ಅದು ಆಗಲೇ ಶಾಲೆಯಲ್ಲಿ ಕೆಲಸದಲ್ಲಿದ್ದು ತರಬೇತಿ ಇಲ್ಲದವರಿಗಾಗಿ ಮಾಡಿದ ಏರ್ಪಾಡು. ಎರಡು ವರ್ಷದ ಕೋರ್ಸಿಗೆ ಅದು ಸಮವಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ, 2017ರ ಆಗಸ್ಟ್ 10ರಂದು ಸೇವೆಯಲ್ಲಿದ್ದವರಿಗೆ ಮಾತ್ರ ಅದು ನಡೆಯುತ್ತದೆ ಎಂದು ಬಿಡಿಸಿ ಹೇಳಿತು. ನೀವು ಆ ಗುಂಪಿನವರಾದರೆ ಅಂದು ಕೆಲಸದಲ್ಲಿದ್ದುದಕ್ಕೆ ಪುರಾವೆ ಬೇಕೇ ಬೇಕು: ಹಾಜರಿ ಪುಸ್ತಕದ ದೃಢೀಕೃತ ಪ್ರತಿ, ಸಂಬಳದ ದಾಖಲೆ, ಏನಾದರೂ ಸರಿ. ಹಳೆಯ ಶಾಲೆ ಬಾಗಿಲು ಹಾಕುವ ಮೊದಲು ತಂದಿಟ್ಟುಕೊಳ್ಳಿ.

ನಿಮ್ಮ ಬಿ.ಇಡಿ. ಕಾಲೇಜಿಗೆ ನೀವು ಓದಿದ ವರ್ಷ ಎನ್‌ಸಿಟಿಇ ಮಾನ್ಯತೆ ಇತ್ತೇ ಎಂಬುದನ್ನೂ ನೋಡಿ. ಕಾಲೇಜಿನಿಂದ ಮಾನ್ಯತೆ ಆದೇಶದ ಜೆರಾಕ್ಸ್ ಒಂದನ್ನು ಈಗಲೇ ತರಿಸಿ. 2015ಕ್ಕೆ ಮುಂಚಿನವರ ಬಿ.ಇಡಿ. ಒಂದೇ ವರ್ಷದ್ದು ಎಂದು ಯಾರಾದರೂ ಮೂಗು ಮುರಿದರೆ ಅಂಜಬೇಡಿ, ಎರಡು ವರ್ಷವಾದದ್ದೇ 2014ರ ನಿಯಮಗಳ ನಂತರ.

3. ಟಿಇಟಿ: ಯಾವ ರಾಜ್ಯದ್ದು, ಎಲ್ಲಿ ನಡೆಯುತ್ತದೆ

ಫೈಲು ಬಿಚ್ಚಿದರೆ ಮೊದಲು ನಾನು ಹುಡುಕುವುದು ಇದನ್ನೇ. ಟಿಇಟಿ 150 ಅಂಕದ ಪರೀಕ್ಷೆ, 90 ಬಂದರೆ ಪಾಸು, ಅಂದರೆ ಶೇ. 60. ಮೊದಲು ಏಳು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತಿತ್ತು. 2021ರಲ್ಲಿ ಅದನ್ನು ಜೀವಮಾನಕ್ಕೆ ವಿಸ್ತರಿಸಿದರು, 2011ರಿಂದ ಪೂರ್ವಾನ್ವಯವಾಗುವಂತೆ. ಹಾಗಾಗಿ "ನಂದು ಹಳೇದಾತು" ಎಂದು ಸರ್ಟಿಫಿಕೇಟನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಂದವರು ವಾಪಸು ಹೋಗಿ ತನ್ನಿ.

ಈಗ ಗಂಟು. ಕೇಂದ್ರದ ಸಿಟಿಇಟಿಯನ್ನು ಸಿಬಿಎಸ್‌ಇ ನಡೆಸುತ್ತದೆ, ರಾಜ್ಯದ ಟಿಇಟಿಯನ್ನು ಆಯಾ ರಾಜ್ಯ. ಎನ್‌ಸಿಟಿಇ ಮಾರ್ಗಸೂಚಿಯ ಪ್ರಕಾರ ರಾಜ್ಯದ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಆ ರಾಜ್ಯದ ಟಿಇಟಿಯೇ ಮುಖ್ಯ. ಬೇರೆ ರಾಜ್ಯದ ಟಿಇಟಿಯನ್ನು ಪರಿಗಣಿಸಲು ಅವಕಾಶ ಇದೆ, ಒಪ್ಪಲೇಬೇಕೆಂಬ ಬಲವಂತ ಇಲ್ಲ. ಈ 'ಬಹುದು' ಎಂಬ ಪದವನ್ನು ನಂಬಿಕೊಂಡು ಆಂಧ್ರದ ಟಿಇಟಿ ಮೇಲೆ ಎರಡು ವರ್ಷ ಕಾದವರನ್ನು ನಾನು ಕಂಡಿದ್ದೇನೆ. ನನ್ನ ಮಾತು ಕೇಳುವುದಾದರೆ ಬಂದ ವರ್ಷವೇ ಕರ್ನಾಟಕ ಟಿಇಟಿಗೂ ಸಿಟಿಇಟಿಗೂ ಎರಡಕ್ಕೂ ಅರ್ಜಿ ಹಾಕಿ. ಸಿಟಿಇಟಿ ಕೈಯಲ್ಲಿದ್ದರೆ ಕೇಂದ್ರದ ಶಾಲೆಗಳೂ ಖಾಸಗಿ ಸಿಬಿಎಸ್‌ಇ ಶಾಲೆಗಳೂ ತೆರೆದಿರುತ್ತವೆ, ನಾಳೆ ಯಜಮಾನರಿಗೆ ಮತ್ತೆಲ್ಲಿಗೋ ವರ್ಗವಾದರೆ ಅದು ಜೊತೆಗೇ ಬರುತ್ತದೆ. ಕರ್ನಾಟಕ ಟಿಇಟಿ ಇದ್ದರೆ ಇಲ್ಲಿಯ ಸರ್ಕಾರಿ ಅಧಿಸೂಚನೆ ಬಂದಾಗ ತಕರಾರಿಲ್ಲ.

ನಮ್ಮ ಟಿಇಟಿಯನ್ನು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ನಡೆಸುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಮೊದಲ ಭಾಷೆಗೆ ಕನ್ನಡದ ಜೊತೆ ತೆಲುಗು, ಉರ್ದು, ಮರಾಠಿ, ತಮಿಳಿನಂಥ ಆಯ್ಕೆಗಳೂ ಇವೆ. ಆದರೆ ತೆಲುಗು ಆರಿಸಿ ಪಾಸಾದರೆ ಕನ್ನಡ ಮಾಧ್ಯಮದ ಶಾಲೆ ನಿಮ್ಮನ್ನು ಹೇಗೆ ನೋಡುತ್ತದೆ ಎಂಬುದನ್ನು ಅರ್ಜಿ ತುಂಬುವ ಮೊದಲೇ ಯೋಚಿಸಿ.

"ನಾನು ಖಾಸಗಿಯಲ್ಲಿ ಹತ್ತು ವರ್ಷದಿಂದ ಇದ್ದೀನಿ, ಟಿಇಟಿ ಯಾಕೆ?" ಎನ್ನುವವರಿಗೆ: 2025ರ ಸೆಪ್ಟೆಂಬರ್ 1ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳಿಸಿದೆ. ಆ ತೀರ್ಪು ಬಂದಾಗಿನಿಂದ ಆಡಳಿತ ಮಂಡಳಿಗಳು ಸಂದರ್ಶನದ ಮೊದಲ ಪ್ರಶ್ನೆಯನ್ನೇ ಬದಲಾಯಿಸಿವೆ.

4. ಬಸ್ಸು ಹತ್ತುವ ಮುಂಚೆ

ಈ ಹಂತವನ್ನು ಬಿಟ್ಟವರು ಆಮೇಲೆ ರಜೆ ಹಾಕಿ ಓಡಾಡುತ್ತಾರೆ. ಹಳೆಯ ಶಾಲೆಯಿಂದ ಬಿಡುಗಡೆ ಪತ್ರ, ಸೇವಾ ಪ್ರಮಾಣಪತ್ರ (ಯಾವ ದಿನದಿಂದ ಯಾವ ದಿನದವರೆಗೆ, ಯಾವ ತರಗತಿ, ಯಾವ ವಿಷಯ ಎಂದು ಸ್ಪಷ್ಟವಾಗಿ ಇರಬೇಕು), ಕೊನೆಯ ಸಂಬಳದ ಚೀಟಿ, ಪಿಎಫ್ ಇದ್ದರೆ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಗುರುತಿನ) ನಂಬರು ತೆಗೆದುಕೊಳ್ಳಿ. ಹತ್ತನೆಯದರಿಂದ ಬಿ.ಇಡಿ.ವರೆಗೆ ಎಲ್ಲ ಅಂಕಪಟ್ಟಿ, ಘಟಿಕೋತ್ಸವ ಪ್ರಮಾಣಪತ್ರಗಳನ್ನು ಜೋಡಿಸಿ. ಡಿಜಿಲಾಕರಿನಲ್ಲಿ ಸಿಗುವಂಥವನ್ನು ಅಲ್ಲೂ ಇಳಿಸಿಕೊಳ್ಳಿ.

ಇನ್ನೊಂದು ಕೆಲಸ ಇದೆ, ಬಹಳ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಶಾಲೆಗಳು ಪ್ರತಿ ಶಿಕ್ಷಕರ ವಿವರವನ್ನು ಕೇಂದ್ರದ ಯುಡೈಸ್ ಪ್ಲಸ್ ತಂತ್ರಾಂಶದಲ್ಲಿ ತುಂಬುತ್ತವೆ. ಹಳೆಯ ಶಾಲೆಯವರು ಅದರಲ್ಲಿ ನಿಮ್ಮನ್ನು 'ಶಾಲೆ ಬಿಟ್ಟಿದ್ದಾರೆ' ಎಂದು ಗುರುತು ಮಾಡದಿದ್ದರೆ ಇಲ್ಲಿ ನಾವು ನಿಮ್ಮ ಹೆಸರು ಸೇರಿಸಿಕೊಳ್ಳಲು ಹೆಣಗಬೇಕಾಗುತ್ತದೆ. ಒಬ್ಬ ಗಣಿತದ ಮೇಡಂ ವಿಷಯದಲ್ಲಿ ಜೂನಿನಿಂದ ದಸರಾವರೆಗೆ ಫೋನು ಮಾಡಿ ಮಾಡಿ ನನಗೆ ತೆಲುಗು ಚೆನ್ನಾಗಿ ಬಂತು, ಹೆಸರು ಮಾತ್ರ ಆಮೇಲೆ ಬಂತು. ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವ ದಿನವೇ ಕಂಪ್ಯೂಟರ್ ಮುಂದೆ ನಿಂತು ಆ ಕೆಲಸ ಮಾಡಿಸಿ.

5. ಹೆಸರಿನ ರಗಳೆ

ಆಂಧ್ರ, ತೆಲಂಗಾಣದಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ, ನಮ್ಮಲ್ಲಿ ಅಪ್ಪನ ಹೆಸರೋ ಅಡ್ಡಹೆಸರೋ ಹಿಂದೆ. ಹತ್ತನೆಯ ಅಂಕಪಟ್ಟಿಯಲ್ಲಿ ಪೂರ್ತಿ ಮನೆತನ, ಪದವಿಯಲ್ಲಿ ಬರೀ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು. ಮೂರು ಕಾಗದ, ಮೂರು ಮನುಷ್ಯರು! ನಿಯಮ ಒಂದೇ ನೆನಪಿಡಿ: ಹತ್ತನೆಯ ತರಗತಿಯ ಹೆಸರೇ ಅಸಲು. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರ್ ತಿದ್ದಿಸುವುದು ಸುಲಭ, ಅಂಕಪಟ್ಟಿ ತಿದ್ದಿಸುವುದು ವನವಾಸ. ತುರ್ತಿಗೆ ನೋಟರಿ ಅಫಿಡವಿಟ್ ನಡೆಯುತ್ತದೆ.

6. ಕನ್ನಡ

ಬಳ್ಳಾರಿಯಲ್ಲಿ ತೆಲುಗು ಮಾತಾಡಿಕೊಂಡೇ ಒಂದು ಜನ್ಮ ಕಳೆಯಬಹುದು. ಕೌಲ್ ಬಜಾರಿನಲ್ಲಿ ಉರ್ದುವೂ ನಡೆಯುತ್ತದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಾಲುವೆ ಬದಿಯ ಕ್ಯಾಂಪುಗಳಲ್ಲಿ ಮನೆಮಾತೇ ತೆಲುಗು, ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿ ಕೇಳುತ್ತದೆ. ಇದು ಇವತ್ತಿನದಲ್ಲ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆ ಹೋದವು, ಬಳ್ಳಾರಿ ಈ ಕಡೆ ಉಳಿಯಿತು. 1956ರಲ್ಲಿ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ಹೋದವು. ಗೆರೆ ಎಳೆದವರು ಮನೆಮಾತು ಕೇಳಿ ಎಳೆಯಲಿಲ್ಲ, ಬೀಗರು ಎರಡೂ ಕಡೆ ಉಳಿದರು.

ಆದರೆ ಬಜಾರಿನ ಮಾತು ಬೇರೆ, ಸರ್ಕಾರಿ ಕಾಗದದ ಮಾತು ಬೇರೆ. ರಾಜ್ಯ ಸರ್ಕಾರದ ಹುದ್ದೆಗೆ ಕನ್ನಡ ಬರಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಭಾಷೆ ಓದದವರು ಅಧಿಸೂಚನೆಯಲ್ಲಿ ಹೇಳಿದ ಕನ್ನಡ ಪರೀಕ್ಷೆ ಪಾಸಾಗಬೇಕು. ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಂತೂ ಭಾಷಾ ಸಾಮರ್ಥ್ಯಕ್ಕೇ ಬೇರೆ ಪತ್ರಿಕೆ ಇದೆ, ಅಲ್ಲಿ ಬರೆದು ತೋರಿಸಬೇಕು. ಖಾಸಗಿ ಶಾಲೆಯವರೂ ಪಾರಾಗಿಲ್ಲ. ಕನ್ನಡ ಭಾಷಾ ಕಲಿಕೆ ಅಧಿನಿಯಮ 2015ರ ಪ್ರಕಾರ ಸಿಬಿಎಸ್‌ಇ, ಐಸಿಎಸ್‌ಇ ಸೇರಿ ಎಲ್ಲ ಶಾಲೆಗಳೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ನೀವು ವಿಜ್ಞಾನದ ಟೀಚರಾದರೂ ಪಾಲಕರ ಸಭೆಯಲ್ಲಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸುತ್ತೋಲೆಯಲ್ಲಿ ಕನ್ನಡವೇ ಎದುರಾಗುತ್ತದೆ.

ತೆಲುಗು ಬಲ್ಲವರಿಗೆ ಓದು ಎರಡು ಮೂರು ವಾರದಲ್ಲಿ ಕೂಡಿಬರುತ್ತದೆ, ಲಿಪಿಗಳು ಅಕ್ಕತಂಗಿಯರಿದ್ದಂತೆ. ಬರೆಯುವಾಗ ಮಾತ್ರ ಕ, ತ, ಶ ಅಕ್ಷರಗಳಲ್ಲಿ ಕೈ ಹಳೆಯ ದಾರಿಗೇ ಎಳೆಯುತ್ತದೆ. ನನ್ನ ಉಪಾಯ: 4ನೇ ತರಗತಿಯ ಕನ್ನಡ ಪಠ್ಯಪುಸ್ತಕ ತೆಗೆದುಕೊಂಡು ದಿನಕ್ಕೊಂದು ಪುಟ ನಕಲು ಮಾಡಿ, ತರಗತಿಯ ಚುರುಕು ಹುಡುಗಿಯೊಬ್ಬಳಿಗೆ ತಿದ್ದಲು ಕೊಡಿ. ಕೆಂಪು ಪೆನ್ನು ಸಿಕ್ಕಿದರೆ ಮಕ್ಕಳು ಬಿಡುವುದಿಲ್ಲ.

7. ಜಾತಿ ಪ್ರಮಾಣಪತ್ರ ಮತ್ತು 371ಜೆ

ಸರ್ಕಾರಿ ಹುದ್ದೆಯ ಆಸೆ ಇದ್ದವರು ಇದನ್ನು ಎರಡು ಸಲ ಓದಿ, ಮನಸ್ಸು ಒಡೆಯುವುದು ಇಲ್ಲೇ.

ಬೇರೆ ರಾಜ್ಯದ ಜಾತಿ ಪ್ರಮಾಣಪತ್ರದ ಮೇಲೆ ಇಲ್ಲಿ ಮೀಸಲಾತಿ ಸಿಗುವುದಿಲ್ಲ. ವಲಸೆ ಬಂದ ರಾಜ್ಯದಲ್ಲಿ ಮೂಲ ರಾಜ್ಯದ ಪರಿಶಿಷ್ಟ ಸ್ಥಾನ ಹಿಂಬಾಲಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಆ ಪ್ರಕರಣದ ವಿದ್ಯಾರ್ಥಿಯೂ ಆಂಧ್ರದಿಂದ ಮಹಾರಾಷ್ಟ್ರಕ್ಕೆ ಹೋದವರೇ. 2018ರಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಪಟ್ಟಿಗಳೇ ಬೇರೆ ಬೇರೆ ಎಂಬುದು ನಮ್ಮ ಗಡಿಯಲ್ಲಿ ಕಣ್ಣಿಗೆ ಹೊಡೆಯುತ್ತದೆ: ಬೇಡ, ನಾಯಕ, ವಾಲ್ಮೀಕಿ ಸಮುದಾಯ ನಮ್ಮಲ್ಲಿ ಪರಿಶಿಷ್ಟ ಪಂಗಡ, ಅನಂತಪುರ, ಕರ್ನೂಲಿನ ಅದೇ ಸಮುದಾಯದ ಬೋಯರು ಅಲ್ಲಿ ಹಿಂದುಳಿದ ವರ್ಗ. ಲಂಬಾಣಿಗರು ನಮ್ಮಲ್ಲಿ ಪರಿಶಿಷ್ಟ ಜಾತಿ, ಅಲ್ಲಿ ಪರಿಶಿಷ್ಟ ಪಂಗಡ. ಒಂದೇ ತಾಂಡಾದಿಂದ ಹೊರಟ ಎರಡು ಮನೆ, ಎರಡು ಪಟ್ಟಿ. ಹೊರಗಿನಿಂದ ಬಂದವರು ಸಾಮಾನ್ಯ ವರ್ಗದಡಿ ಸ್ಪರ್ಧಿಸಬೇಕು ಅಂದಮೇಲೆ, ಅಂಕದ ರಿಯಾಯಿತಿ, ಶುಲ್ಕದ ರಿಯಾಯಿತಿಗಳನ್ನೂ ನೆಚ್ಚಿಕೊಳ್ಳಬೇಡಿ. ಟಿಇಟಿಯಲ್ಲಿ 90 ದಾಟುವುದನ್ನೇ ಗುರಿ ಇಟ್ಟುಕೊಳ್ಳಿ.

ಇನ್ನು 371ಜೆ. 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಈ ವಿಧಿ ಕಲ್ಯಾಣ ಕರ್ನಾಟಕದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗೆ ಅನ್ವಯಿಸುತ್ತದೆ. ಇಲ್ಲಿಯ ಸ್ಥಳೀಯ ವೃಂದದ ಗ್ರೂಪ್ ಎ, ಬಿ ಹುದ್ದೆಗಳಲ್ಲಿ ಶೇ. 75, ಗ್ರೂಪ್ ಸಿಯಲ್ಲಿ ಶೇ. 80, ಡಿಯಲ್ಲಿ ಶೇ. 85 ಸ್ಥಳೀಯರಿಗೆ. ಪ್ರಾಥಮಿಕ ಶಾಲಾ ಶಿಕ್ಷಕರು ಗ್ರೂಪ್ ಸಿ. ನೂರು ಹುದ್ದೆ ಬಂದರೆ ನಿಮ್ಮ ಕಣ್ಣು ಉಳಿದ ಇಪ್ಪತ್ತರ ಮೇಲೆ ಇರಬೇಕು, ಅಲ್ಲೂ ಇಡೀ ರಾಜ್ಯದವರು ಇರುತ್ತಾರೆ.

ಸ್ಥಳೀಯರು ಎಂದರೆ ಹುಟ್ಟಿನಿಂದ ಅಥವಾ ಕಾಯಂ ವಾಸದಿಂದ ಈ ಭಾಗಕ್ಕೆ ಸೇರಿದವರು. ಹೋದ ವರ್ಷದ ಬಾಡಿಗೆ ಕರಾರು ತೋರಿಸಿದರೆ ಆಗುವುದಿಲ್ಲ. ಆದರೆ 'ಹುಟ್ಟಿನಿಂದ' ಎಂಬ ಪದದಲ್ಲಿ ಒಂದು ಕಿಂಡಿ ಇದೆ. ಸಿರುಗುಪ್ಪದಲ್ಲಿ ಹುಟ್ಟಿ, ಆದೋನಿಗೆ ಮದುವೆಯಾಗಿ ಹೋಗಿ, ಅಲ್ಲೇ ಬಿ.ಇಡಿ. ಮುಗಿಸಿ, ಹತ್ತು ವರ್ಷದ ಮೇಲೆ ತವರಿನ ಕಡೆ ವಾಪಸು ಬಂದ ಹೆಣ್ಣುಮಗಳೊಬ್ಬಳು ತನ್ನನ್ನು ತಾನು ಹೊರರಾಜ್ಯದವಳು ಅಂದುಕೊಂಡೇ ಎರಡು ಅಧಿಸೂಚನೆ ಕಳೆದುಕೊಂಡಿದ್ದಳು. "ಅವ್ವಾ, ನೀ ಹುಟ್ಟಿದ್ದು ಎಲ್ಲಿ?" ಎಂದು ಯಾರೂ ಕೇಳಿರಲಿಲ್ಲ. ಹೆರಿಗೆಗೆ ತವರಿಗೆ ಬರುವ ನಾಡು ನಮ್ಮದು, ನಿಮ್ಮ ಜನನ ಪ್ರಮಾಣಪತ್ರದಲ್ಲಿ ಯಾವ ಊರಿದೆ ಎಂದು ಒಮ್ಮೆ ತೆಗೆದು ನೋಡಿ. ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಬಳ್ಳಾರಿಯವರಿಗೆ ಬಳ್ಳಾರಿಯಲ್ಲಿ, ಕೊಪ್ಪಳದವರಿಗೆ ಕೊಪ್ಪಳದಲ್ಲಿ, ರಾಯಚೂರು ಜಿಲ್ಲೆಯವರಿಗೆ ತಾಲ್ಲೂಕಿನ ಪ್ರಕಾರ ರಾಯಚೂರು ಅಥವಾ ಲಿಂಗಸುಗೂರು. ಅರ್ಜಿ ನಾಡಕಚೇರಿಯಲ್ಲಿ ಕೊಡಬಹುದು. ಅಧಿಸೂಚನೆ ಬಂದ ಮೇಲೆ ಓಡಿದರೆ ಸರದಿ ಉದ್ದ ಇರುತ್ತದೆ, ಈಗಲೇ ಮಾಡಿಸಿ.

8. ಖಾಸಗಿ ಶಾಲೆ ಸೇರುವ ದಿನ

ಇದು ಒಂದೇ ವಾರದ ಕೆಲಸ. ಅರ್ಜಿ, ಡೆಮೊ ಪಾಠ, ಮೂಲ ದಾಖಲೆ ಪರಿಶೀಲನೆ. ಪೊಲೀಸ್ ಪರಿಶೀಲನಾ ಪತ್ರ ಕೇಳುತ್ತಾರೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿ. ಹಳೆಯ ಊರಿನ ಠಾಣೆಯಿಂದಲೂ ಒಂದು ತಂದಿದ್ದರೆ ಇನ್ನೂ ಒಳ್ಳೆಯದು. ಪಿಎಫ್‌ಗೆ ಹಳೆಯ ಯುಎಎನ್ ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ಸಿಬಿಎಸ್‌ಇ ಶಾಲೆಯಾದರೆ ವರ್ಷಕ್ಕೆ 50 ಗಂಟೆ ತರಬೇತಿ ಕಡ್ಡಾಯ, ಹಿಂದಿನ ತರಬೇತಿ ಪತ್ರಗಳಿದ್ದರೆ ಫೈಲಿಗೆ ಸೇರಿಸಿ. ನೇಮಕಾತಿ ಆದೇಶವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. "ನಾಳೆ ಕೊಡ್ತೀವಿ ಮೇಡಂ" ಎಂಬ ನಾಳೆ ಮಾರ್ಚಿಗೆ ಬಂದದ್ದೂ ಉಂಟು.

9. ಅತಿಥಿ ಶಿಕ್ಷಕರ ದಾರಿ

ಸರ್ಕಾರಿ ಶಾಲೆಯೊಳಗೆ ಕಾಲಿಡಲು ಇದು ಬೇಗನೆ ಸಿಗುವ ದಾರಿ. ಶಾಲೆ ಶುರುವಾದ ಮೇಲೆ ಖಾಲಿ ಹುದ್ದೆಗಳಿಗೆ ಬಿಇಒ ಕಚೇರಿ ಮೂಲಕ ಮಂಜೂರಾತಿ ಬರುತ್ತದೆ, ಮುಖ್ಯ ಶಿಕ್ಷಕರು ತುಂಬಿಕೊಳ್ಳುತ್ತಾರೆ. ಬಳ್ಳಾರಿ ನಗರದಲ್ಲಿ ಪೂರ್ವ, ಪಶ್ಚಿಮ ಎಂದು ಎರಡು ವಲಯ, ನಿಮ್ಮ ಶಾಲೆ ಯಾವುದಕ್ಕೆ ಸೇರಿದೆ ಕೇಳಿಕೊಳ್ಳಿ. ಪೇಟೆಯ ಶಾಲೆಗೆ ಹತ್ತು ಅರ್ಜಿ ಬಂದರೆ ದೂರದ ಹಳ್ಳಿಯ ಗಣಿತ, ಇಂಗ್ಲಿಷ್ ಹುದ್ದೆಗೆ ಒಂದೂ ಬಂದಿರುವುದಿಲ್ಲ. ಮಸ್ಕಿ, ದೇವದುರ್ಗ, ಕುಷ್ಟಗಿ ಕಡೆ ಹೋಗಲು ತಯಾರಿದ್ದರೆ ಕೆಲಸ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ಗೌರವಧನ ಕಡಿಮೆ (2025-26ರ ಬಜೆಟ್‌ನಲ್ಲಿ 2,000 ರೂ. ಏರಿಸಿದರು), ಕೈಗೆ ಬರುವುದು ತಡ, ಬೇಸಿಗೆ ರಜೆಗೆ ಏನೂ ಇಲ್ಲ. ಆದರೆ ಒಂದು ವರ್ಷ ಅಲ್ಲಿ ನಿಂತವರ ಕನ್ನಡ ಯಾವ ಕೋಚಿಂಗಿನಲ್ಲೂ ಬರದಷ್ಟು ಚೆನ್ನಾಗಿ ಬರುತ್ತದೆ.

10. ಅಲ್ಲಿ ಸರ್ಕಾರಿ ಶಿಕ್ಷಕರಾಗಿದ್ದವರಿಗೆ

ಆಂಧ್ರ ಸರ್ಕಾರದ ಶಿಕ್ಷಕಿಗೆ ಕರ್ನಾಟಕ ಸರ್ಕಾರದ ಶಾಲೆಗೆ ವರ್ಗಾವಣೆ ಎಂಬುದು ಇಲ್ಲ, ಎರಡೂ ಬೇರೆ ಬೇರೆ ಸರ್ಕಾರಗಳ ಸೇವೆ. ಇಲ್ಲಿಯ ಹುದ್ದೆಗೆ ಹೊಸ ಅಭ್ಯರ್ಥಿಯಾಗಿಯೇ ಬರಬೇಕು. ಆದ್ದರಿಂದ ಸಿಟ್ಟಿನಲ್ಲೋ ಸಂಸಾರದ ಒತ್ತಡದಲ್ಲೋ ರಾಜೀನಾಮೆ ಬರೆಯಬೇಡಿ. ದೀರ್ಘ ರಜೆ ಸಿಗುತ್ತದೆಯೇ ನೋಡಿ, ಇಲ್ಲಿಯ ಅಧಿಸೂಚನೆಗೆ ನಿಮ್ಮ ಇಲಾಖೆಯ ಮೂಲಕವೇ, ನಿರಾಕ್ಷೇಪಣಾ ಪತ್ರ ಪಡೆದು ಅರ್ಜಿ ಹಾಕಿ. ಹಾಗೆ ಬಂದರೆ ಹಿಂದಿನ ಸೇವೆಯ ಲೆಕ್ಕ ಕೇಳಲು ಒಂದು ಆಧಾರ ಇರುತ್ತದೆ, ಬಿಟ್ಟು ಬಂದವರಿಗೆ ಅದೂ ಇಲ್ಲ. ಕೇಂದ್ರೀಯ ವಿದ್ಯಾಲಯದವರು ಪುಣ್ಯವಂತರು, ಅವರದು ದೇಶಕ್ಕೆಲ್ಲ ಒಂದೇ ಸಂಸ್ಥೆ, ವರ್ಗಾವಣೆ ಕೇಳಿಕೊಂಡು ಬರಬಹುದು.

ಕೊನೆಗೊಂದು ಮಾತು, ಆಫೀಸಿನಲ್ಲಿ ಕೂರುವವನಾಗಿ ನಾನೇ ಹೇಳುತ್ತಿದ್ದೇನೆ. ಮೂಲ ಅಂಕಪಟ್ಟಿಗಳನ್ನು ತೋರಿಸಿ, ಪರಿಶೀಲನೆ ಮುಗಿದ ಮೇಲೆ ಅದೇ ದಿನ ವಾಪಸು ತೆಗೆದುಕೊಂಡು ಹೋಗಿ. "ವರ್ಷ ಮುಗಿಯೋವರೆಗೂ ನಮ್ಮ ಬೀರುವಿನಲ್ಲಿ ಇರ್ಲಿ" ಎನ್ನುವ ಶಾಲೆಗಳಿವೆ. ಜೆರಾಕ್ಸ್ ಮೂರು ಸೆಟ್ ಕೊಡಿ, ಪ್ರತಿ ಹಾಳೆಯ ಮೇಲೂ ಸಹಿ ಮಾಡಿ 'ಈ ಶಾಲೆಯ ನೇಮಕಾತಿಗೆ ಮಾತ್ರ' ಎಂದು ಕನ್ನಡದಲ್ಲಿ ಬರೆಯಿರಿ. ಅಷ್ಟು ಹೊತ್ತಿಗೆ ಕ, ತ, ಶ ಕೈಗೆ ಕೂತಿರುತ್ತವೆ.